ಹಿತ್ತಲ ಕೋಳಿಯ ಪರವಾಗಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಹೊರಟವರು ಸಾಮಾನ್ಯವಾಗಿ ಆರಿಸಿಕೊಳ್ಳುವ ವಿಷಯಗಳು ಕೆಲವಿವೆ: ವಿದ್ಯಾರ್ಥಿ ಮತ್ತು ಶಿಸ್ತು, ಪ್ರಜಾಪ್ರಭುತ್ವದ ಭವಿಷ್ಯ, ವಿಜ್ಞಾನ ವರವೋ ಶಾಪವೋ ಇತ್ಯಾದಿ. ಇವುಗಳನ್ನು ಬಲ್ಲವರಿಗೆ ಬಿಟ್ಟು ನಾನು ಕೋಳಿ ಮತ್ತು ಬಾತುಗಳ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವು ಮಿತ್ರರು ನಗಬಹುದು. ನಗಲಿ. ಆದರೆ ನಗುವವರಲ್ಲಿ ಅನೇಕರ ಮನೆಯ ಹಿತ್ತಲಲ್ಲಿ ಈ ಹೊತ್ತಿಗೂ ನಾಲ್ಕು ಕೋಳಿ ಕೆದಕುತ್ತಿರುತ್ತವೆಂಬುದು ನನಗೆ ಗೊತ್ತು. ನಮ್ಮದು ಸರ್ಕಾರಿ ಕಾಲೇಜು. ಇಲ್ಲಿನ ಬೆಂಚುಗಳ ಮೇಲೆ ಕುಳಿತಿರುವವರಲ್ಲಿ ಬಹು ಮಂದಿ ಹಳ್ಳಿಗಳಿಂದ ಬಂದವರು, ಇಲ್ಲವೆ ನಗರದೊಳಗೇ ಉಳಿದಿರುವ ಕೊಪ್ಪಲುಗಳಿಂದ ಬಂದವರು. ಆದರೂ ಮೂರು ವರ್ಷಗಳ ಸಹವಾಸದಲ್ಲಿ 'ನಮ್ಮ ಮನೆಯಲ್ಲಿ ಕೋಳಿ ಇವೆ' ಎಂದು ತಾನಾಗಿ ಹೇಳಿಕೊಂಡವರನ್ನು ನಾನು ಕಂಡಿಲ್ಲ. ನಾಯಿಯ ಮಾತು ಬಂದರೆ ಎಲ್ಲರೂ ತಮ್ಮ ನಾಯಿಯ ಜಾತಿ, ಊಟ, ಬುದ್ಧಿವಂತಿಕೆಗಳನ್ನು ವರ್ಣಿಸುತ್ತಾರೆ. ಕೋಳಿ ಮಾತ್ರ ಬಾಯಿಗೆ ಬಾರದು. ಬಂದರೂ ತಟ್ಟೆಯ ಮೇಲಿನ ಕೋಳಿಯಾಗಿಯೇ ಬರುವುದು.

ಈ ಮೌನ ನನಗೆ ಸರಿಯೆನಿಸುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಮ್ಮ ಆರು ಹೇಂಟೆ, ಒಂದು ಹುಂಜ, ಎರಡು ಬಾತುಗಳನ್ನು ಸಾಕುತ್ತಾಳೆ. ಪರೀಕ್ಷೆಯ ಶುಲ್ಕ ಕಟ್ಟಬೇಕಾದಾಗ ಸಾಸಿವೆ ಡಬ್ಬಿಯಿಂದ ಹೊರಬರುವ ನೋಟುಗಳಲ್ಲಿ ಮೊಟ್ಟೆ ಮಾರಿದ ಹಣದ ಪಾಲೂ ಇರುತ್ತದೆ. ಇದು ಬಡತನದ ಪ್ರದರ್ಶನವಲ್ಲ, ಲೆಕ್ಕದ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಗರದ ಮನೆಯ ಹಿತ್ತಲಲ್ಲಿ ಎಂಟು ಹತ್ತು ಹಕ್ಕಿಗಳ ಹಿಂಡನ್ನು ಸಾಕುವುದು ಯೋಗ್ಯವಾದ ಕೆಲಸ. ಅದನ್ನು ನಗರ ಕಂಡೂ ಕಾಣದಂತೆ ಸಹಿಸಿಕೊಂಡರೆ ಸಾಲದು. ಅದಕ್ಕೆ ನಿಯಮವನ್ನೂ ಔಷಧವನ್ನೂ ಒದಗಿಸಿಕೊಡಬೇಕು. ಸಾಕುವವರೂ ಹಳ್ಳಿಯ ಬಯಲಿನಲ್ಲಿ ಬಿಟ್ಟಂತೆ ಬಿಟ್ಟು ಕೈಚೆಲ್ಲಬಾರದು.

ಮೈಸೂರನ್ನು ನೋಡಲು ಬರುವವರಿಗೆ ಅರಮನೆ, ಬೆಟ್ಟ, ಮೃಗಾಲಯಗಳು ಕಾಣುತ್ತವೆ. ಆದರೆ ಈ ಊರು ಬೆಳೆದದ್ದು ಸುತ್ತಲಿನ ಹಳ್ಳಿಗಳನ್ನು ನುಂಗಿಕೊಂಡು. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ಪಡುವಾರಹಳ್ಳಿ, ಮೇಟಗಳ್ಳಿ, ಹೆಬ್ಬಾಳು ಎಂಬ ಹೆಸರುಗಳನ್ನು ಉಚ್ಚರಿಸಿದರೇ ಸಾಕು, ಅವು ಬಡಾವಣೆಗಳಾಗುವ ಮೊದಲು ಏನಾಗಿದ್ದವೆಂದು ತಿಳಿಯುತ್ತದೆ. 1903ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಮಂಡಲಿಯವರು ಪ್ಲೇಗಿನ ಹಾವಳಿಯನ್ನು ಕಂಡ ಊರಿಗೆ ಗಾಳಿ ಬೆಳಕು ಬರುವಂತೆ ರಸ್ತೆ ಎಳೆದರು, ಹಿಂಬದಿಯಲ್ಲಿ ಓಣಿ ಬಿಟ್ಟರು. ಒಳ್ಳೆಯ ಕೆಲಸವೇ. ಆ ಹಳೆಯ ಹಳ್ಳಿಗಳು ಮಾತ್ರ ತಮ್ಮ ಗೂಡು ಗೋಡೆಗಳ ಸಮೇತ ನಗರದ ಹೊಟ್ಟೆಯೊಳಗೆ ಹಾಗೆಯೇ ಉಳಿದುಕೊಂಡವು. ಹೊಲ ಹೋಯಿತು, ದನ ಹೋಯಿತು, ಕಣ ಹೋಗಿ ಅಂಗಡಿಯ ಸಾಲು ಬಂದಿತು. ಉಳಿದದ್ದು ಕೋಳಿ. ಅದಕ್ಕೆ ಹೆಚ್ಚು ಜಾಗ ಬೇಡ. ಮಂಕರಿಯೊಂದಿದ್ದರೆ ಅದರಡಿಯಲ್ಲೇ ರಾತ್ರಿ ಕಳೆದೀತು.

ಈ ಹಕ್ಕಿಯ ವಂಶವೃಕ್ಷವನ್ನು ಕೊಂಚ ತಿರುವಿ ನೋಡುವುದು ನಮ್ಮ ಮೈಸೂರಿನವರಿಗೆ ಹೆಮ್ಮೆಯ ಸಂಗತಿ. ಊರಕೋಳಿಯ ಮುಖ್ಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೆಂಬುದು ಬಹುಕಾಲದಿಂದ ತಿಳಿದಿದ್ದ ವಿಷಯ. ಆದರೆ 2008ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದರಿಂದ, ಸಾಕುಕೋಳಿಗಳ ಚರ್ಮಕ್ಕೂ ಕಾಲಿಗೂ ಹಳದಿ ಬಣ್ಣ ಕೊಡುವ ಗುಣ ಕೆಂಪು ಕೋಳಿಯಿಂದ ಬಂದುದಲ್ಲ, ಬೂದು ಕಾಡುಕೋಳಿಯಿಂದ ಬಂದುದೆಂದು ಗೊತ್ತಾಯಿತು. ಬೂದು ಕಾಡುಕೋಳಿ ಭರತಖಂಡದ್ದೇ ಹಕ್ಕಿ. ಬಂಡೀಪುರ, ನಾಗರಹೊಳೆಗಳ ದಾರಿಯಲ್ಲಿ ಬೆಳಿಗ್ಗೆ ಹೋದವರು ಅದು ರಸ್ತೆ ದಾಟುವುದನ್ನು ನೋಡಿಯೇ ಇರುತ್ತಾರೆ. ಅಮೆರಿಕದ ಕೋಳಿಯ ಹಳದಿ ಕಾಲಿನಲ್ಲಿಯೂ ನಮ್ಮ ಕಾಡಿನ ಹಕ್ಕಿಯ ಋಣವಿದೆ!

ಸಾಹಿತ್ಯದ ವಿದ್ಯಾರ್ಥಿಗಳಿಗೆ ಕೋಳಿಯನ್ನು ಪರಿಚಯಿಸಬೇಕಾದುದೇನೂ ಇಲ್ಲ. ತನ್ನ ಬಳಗವನ್ನು ಕರೆದು ಉಣ್ಣುವ ಗುಣಕ್ಕೆ ಬಸವಣ್ಣನವರು ಕಾಗೆಯ ಜೊತೆಯಲ್ಲಿ ಕೋಳಿಯನ್ನೂ ಸಾಕ್ಷಿಗೆ ಕರೆದಿದ್ದಾರೆ. ಹುಳ ಕಂಡ ಹುಂಜ ತಾನು ನುಂಗದೆ ಕೊಕ್ಕಿನಿಂದ ಎತ್ತಿ ಬೀಳಿಸಿ ಹೇಂಟೆಗಳನ್ನು ಕೂಗುವುದನ್ನು ನೋಡಿದವರಿಗೆ ಅದು ಕವಿಸಮಯವಲ್ಲ, ಕಣ್ಣಾರೆ ಕಂಡದ್ದೆಂದು ತಿಳಿಯುತ್ತದೆ. 1209ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'ಯಲ್ಲಿ ಕಥೆಯೆಲ್ಲ ತಿರುಗುವುದು ಒಂದು ಹಿಟ್ಟಿನ ಕೋಳಿಯ ಸುತ್ತ. ಬಲಿಗೆಂದು ಕಡಿದ ಹಿಟ್ಟಿನ ಕೋಳಿ ಕೂಗಿದ್ದರಿಂದ ತಾಯಿ ಮಗ ಜನ್ಮಜನ್ಮಾಂತರ ಅಲೆದು ಕಡೆಗೆ ತಾವೇ ಕೋಳಿಗಳಾಗಿ ಹುಟ್ಟುತ್ತಾರೆ. ಈ ಭಾಗ ತರಗತಿಯಲ್ಲಿ ನಡೆಯುತ್ತಿದ್ದಾಗ ಸಂಕಲ್ಪಹಿಂಸೆಯ ತತ್ತ್ವಕ್ಕಿಂತ, ಆ ಹಿಟ್ಟಿನ ಕೋಳಿಯನ್ನು ಅಷ್ಟು ಜೀವಂತವಾಗಿ ತಿದ್ದಬೇಕಾದರೆ ಯಾರೋ ಕೋಳಿಯನ್ನು ಹತ್ತಿರದಿಂದ ದಿಟ್ಟಿಸಿ ನೋಡಿರಬೇಕೆಂಬ ಯೋಚನೆಯೇ ನನ್ನನ್ನು ಹೆಚ್ಚು ಕಾಡಿತು. ಮಾಂಸಾಹಾರದ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಹೆಸರಿಟ್ಟು ಕರೆದ ಕೋಳಿಯನ್ನು ಅಡುಗೆಗೆ ಕೊಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದ್ದರಿಂದಲೇ ಅಮ್ಮ ಎಲ್ಲ ಕೋಳಿಗೂ ಹೆಸರಿಡುವುದಿಲ್ಲ.

ಕೋಳಿಯನ್ನು ಸುಮ್ಮನೆ ನೋಡುತ್ತ ಕುಳಿತವರಿಂದ ಲೋಕಕ್ಕೆ ಆದ ಉಪಕಾರ ಸಣ್ಣದಲ್ಲ. ಕಳೆದ ಶತಮಾನದ ಇಪ್ಪತ್ತರ ದಶಕದ ಆರಂಭದಲ್ಲಿ ನಾರ್ವೆ ದೇಶದ ಷೆಲ್ಡರುಪ್ ಎಬ್ಬೆ ಎಂಬಾತ, ಹಿಂಡಿನಲ್ಲಿ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆಂಬುದಕ್ಕೆ ಒಂದು ಕಟ್ಟುನಿಟ್ಟಾದ ಸರದಿಯಿದೆಯೆಂದು ತೋರಿಸಿದ. ಸಮಾಜಶಾಸ್ತ್ರದವರೂ ಮನಶ್ಶಾಸ್ತ್ರದವರೂ ಆ ಮಾತನ್ನು ಮನುಷ್ಯರಿಗೂ ಅನ್ವಯಿಸಿ ಬಳಸುತ್ತಿದ್ದಾರೆ. (ನಮ್ಮ ಕ್ಯಾಂಟೀನಿನ ಸಾಲಿಗೂ ಅದು ಅನ್ವಯಿಸುತ್ತದೆ.) ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಬೆರಿಬೆರಿ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದ. ಅವನ ಪ್ರಯೋಗದ ಕೋಳಿಗಳು ಕಾಲು ಕಳೆದುಕೊಂಡು ಬಿದ್ದವು; ಕೆಲವು ತಿಂಗಳಲ್ಲಿ ತಾವಾಗಿ ಎದ್ದು ಓಡಾಡಿದವು. ವಿಚಾರಿಸಿದರೆ, ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಷ್ ಅಕ್ಕಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು ಸಿಪಾಯಿಗಳ ಅನ್ನವನ್ನು ಕೋಳಿಗೆ ಕೊಡಲೊಪ್ಪದೆ ಹೋದಾಗ ಅವು ತೌಡುಳ್ಳ ಅಕ್ಕಿ ತಿಂದು ಚೇತರಿಸಿಕೊಂಡವು. ಆ ಜಾಡು ಹಿಡಿದು ಹೋಗಿಯೇ ಬಿ ಜೀವಸತ್ವದ ಅರಿವು ಮೂಡಿತು, ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಜಿಪುಣ ಅಡುಗೆಯವನಿಗೆ ಏನು ಬಂದಿತೆಂದು ಯಾರೂ ಬರೆದಿಟ್ಟಿಲ್ಲ.

ಇನ್ನು ಬಾತಿನ ವಿಷಯ. ಮೈಸೂರಿನ ಕಡೆ ಬಾತು ಸಾಕುವವರು ಕಡಿಮೆ. ಕೆರೆಯಿಲ್ಲದೆ ಬಾತು ಬದುಕದೆಂಬ ನಂಬಿಕೆಯೊಂದಿದೆ. ಇದು ನಿಜವಲ್ಲ. ಬಾತಿಗೆ ತಲೆಯನ್ನು ಪೂರ್ತಿ ಮುಳುಗಿಸಿ ಮೂಗು ಕಣ್ಣು ತೊಳೆದುಕೊಳ್ಳುವಷ್ಟು ಆಳದ ಬೋಗುಣಿ ನೀರು ಬೇಕೇ ಬೇಕು. ಈಜುವ ಕೊಳ ಇರದಿದ್ದರೂ ಅದು ಬದುಕಿ ಮೊಟ್ಟೆಯಿಡುತ್ತದೆ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಕ್ಯಾಂಬೆಲ್ ಎಂಬ ಗೃಹಿಣಿ ತನ್ನ ಮನೆಯಲ್ಲಿ ತಳಿ ಬೆರೆಸಿ ಪಡೆದ ಖಾಕಿ ಕ್ಯಾಂಬೆಲ್ ಬಾತು ಮೊಟ್ಟೆಯ ಸಂಖ್ಯೆಯಲ್ಲಿ ಒಳ್ಳೊಳ್ಳೆಯ ಕೋಳಿಗಳನ್ನು ನಾಚಿಸುತ್ತದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಈ ತಳಿಯನ್ನು ಬೆಳೆಸಿದೆ. ಆದರೆ ಅತಿಯಾಗಿ ಮೊಟ್ಟೆಯಿಡುವ ಗುಣದ ಜೊತೆಗೆ ಈ ಹಕ್ಕಿ ಕಾವಿಗೆ ಕೂರುವುದನ್ನೇ ಮರೆತಿದೆ. ಆದುದರಿಂದ ಬಾತಿನ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡುವುದು ವಾಡಿಕೆ. ಕೋಳಿಯ ಮರಿ 21 ದಿನಕ್ಕೆ ಒಡೆದು ಬಂದರೆ ಬಾತಿನದು 28 ದಿನ ತೆಗೆದುಕೊಳ್ಳುತ್ತದೆ. ಪಾಪ, ಹೇಂಟೆ ಒಂದು ವಾರ ಹೆಚ್ಚಿಗೆ ಕೂರುತ್ತದೆ. ಮರಿಗಳು ಮೊದಲ ಸಲ ನೀರಿಗಿಳಿದಾಗ ದಡದ ಮೇಲೆ ಆ ಸಾಕುತಾಯಿ ಪಡುವ ಗಾಬರಿಯನ್ನು ನೋಡಬೇಕು. ಮಕ್ಕಳನ್ನು ಕಾಲೇಜಿಗೆ ಕಳಿಸಿದ ನಮ್ಮ ತಾಯಂದಿರಲ್ಲಿ ಅನೇಕರಿಗೆ ಆ ಗಾಬರಿ ಅಪರಿಚಿತವಲ್ಲ.

ಸಾಕುವವರಿಗೆ ಎರಡು ಮೂರು ಉಪಯುಕ್ತ ಸಂಗತಿಗಳನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾತು ಸಾಮಾನ್ಯವಾಗಿ ನಸುಕಿನಲ್ಲಿ ಮೊಟ್ಟೆಯಿಡುವುದರಿಂದ ಬೆಳಿಗ್ಗೆ ಎಂಟು ಗಂಟೆಯವರೆಗೆ ಗೂಡಿನಲ್ಲೇ ಇರಿಸಬೇಕು. ಇಲ್ಲದಿದ್ದರೆ ಮೊಟ್ಟೆ ಚರಂಡಿಯ ಪಾಲು. ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯನ್ನಾಗಲಿ ಜೋಳವನ್ನಾಗಲಿ 'ಬಿಸಾಡುವುದೇಕೆ, ಹಕ್ಕಿಗೆ ಹಾಕೋಣ' ಎಂದು ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತದ್ದು ಇಂಥ ಬೂಸಲಿನ ಕಡಲೆಕಾಯಿ ಹಿಂಡಿಯಿಂದ. ಅಫ್ಲಟಾಕ್ಸಿನ್ ಎಂಬ ಆ ವಿಷ ಪತ್ತೆಯಾದದ್ದೂ ಆಗಲೇ. ಬಾತಿನ ಮರಿಗಳಿಗಂತೂ ಅದರ ಅತ್ಯಲ್ಪ ಪ್ರಮಾಣವೂ ಮಾರಕ. ಕೋಳಿ ಒಂದು ಮೊಟ್ಟೆಯನ್ನು ಸಿದ್ಧಪಡಿಸಲು ಸುಮಾರು 25 ಗಂಟೆ ಬೇಕು. ಆದುದರಿಂದ ಅದು ದಿನದಿನಕ್ಕೂ ಸ್ವಲ್ಪ ತಡವಾಗಿ ಇಟ್ಟು ನಡುವೆ ಒಂದು ದಿನ ರಜಾ ತೆಗೆದುಕೊಳ್ಳುತ್ತದೆ. ಇದಕ್ಕೆ ದೃಷ್ಟಿ ತೆಗೆಸುವ ಅಗತ್ಯವಿಲ್ಲ.

ಈಗ ಆಕ್ಷೇಪಣೆಗಳಿಗೆ ಬರೋಣ. ವಾಸನೆ ಮತ್ತು ಸದ್ದಿನ ಆಕ್ಷೇಪಣೆ ನ್ಯಾಯವಾದುದೇ. ಮೈಸೂರು 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲನೆಯದಾಗಿದ್ದಿತು. ಆ ಹೆಸರು ಉಳಿಯಬೇಕೆಂದು ಬಯಸುವವರಲ್ಲಿ ನಾನೂ ಒಬ್ಬಳು. ಗೂಡಿನ ನೆಲಕ್ಕೆ ಒಣ ಮರದಪುಡಿ ಇಲ್ಲವೆ ಹೊಟ್ಟು ಹರಡಿ, ಒದ್ದೆಯಾದಾಗ ತೆಗೆದು ಗೊಬ್ಬರದ ಗುಂಡಿಗೆ ಹಾಕಿದರೆ ವಾಸನೆ ಬಹುಪಾಲು ಇರದು. ವಾಸನೆ ಹುಟ್ಟುವುದು ಹಕ್ಕಿಯಿಂದಲ್ಲ, ಒದ್ದೆಯಿಂದ. ಹುಂಜದ ಕೂಗಿಗೆ ಮಾತ್ರ ಮದ್ದಿಲ್ಲ; ಆದರೆ ಮೊಟ್ಟೆಗಾಗಿ ಸಾಕುವವರಿಗೆ ಹುಂಜವೇ ಬೇಡ, ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಗೋಡೆಗೆ ಗೋಡೆ ತಾಗಿದ ವಠಾರಗಳಲ್ಲಿ ಹುಂಜವನ್ನು ನಿಷೇಧಿಸಿದರೆ ನಾನು ವಿರೋಧಿಸುವುದಿಲ್ಲ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಕಥೆಯ ಮುದುಕಿಯ ವಂಶಸ್ಥರು ಎಲ್ಲ ಬೀದಿಯಲ್ಲಿಯೂ ಇದ್ದಾರೆ. ನಮ್ಮ ಮನೆಯಲ್ಲಿಯೂ ಇದ್ದಾರೆ.

ಆದರೆ ಬಾಡಿಗೆ ಮನೆ ಕೇಳಲು ಹೋದಾಗ 'ಕೋಳಿಗೀಳಿ ಇಲ್ಲ ತಾನೆ?' ಎಂದು ಕೇಳುವ ದನಿಯಲ್ಲಿ ವಾಸನೆಯ ಪ್ರಶ್ನೆಯೊಂದೇ ಇರುವುದಿಲ್ಲ. ಕೋಳಿಯ ನೆವದಲ್ಲಿ ನೀವು ಯಾರು, ಏನು ಉಣ್ಣುವವರು ಎಂಬುದನ್ನೂ ಕೇಳಿಯಾಯಿತು. ಗಿಳಿಯ ಪಂಜರವನ್ನು ಕಂಡು ಯಾರೂ ಹಾಗೆ ಕೇಳಿದ್ದಿಲ್ಲ, ಗಿಳಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರೋಧವಾಗಿದ್ದರೂ. ಇದನ್ನು ಹೆಚ್ಚು ಬೆಳೆಸುವುದಿಲ್ಲ. ಓದುವವರಿಗೆ ಅರ್ಥವಾದೀತು.

ನಿಜವಾಗಿ ಉತ್ತರ ಹೇಳಬೇಕಾದ ಆಕ್ಷೇಪಣೆ ರೋಗದ್ದು. 2020ರ ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ ನಮ್ಮ ಮೈಸೂರಿನಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡಿತು. ಭೋಪಾಲದ ಪ್ರಯೋಗಾಲಯದಲ್ಲಿ ರೋಗ ಖಚಿತವಾದ ಮೇಲೆ ಕುಂಬಾರಕೊಪ್ಪಲನ್ನು ಕೇಂದ್ರವಾಗಿಟ್ಟುಕೊಂಡು ಒಂದು ಕಿಲೋಮೀಟರು ವ್ಯಾಪ್ತಿಯಲ್ಲಿದ್ದ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಲು ಆಜ್ಞೆಯಾಯಿತು. ಅಂಗಡಿಯ ಕೋಳಿ, ಮನೆಯ ಕೋಳಿ ಎಂಬ ಭೇದವಿಲ್ಲದೆ ಸಾವಿರಾರು ಹಕ್ಕಿಗಳು ಹೋದವು. ಆ ಆಜ್ಞೆ ತಪ್ಪೆಂದು ನಾನು ವಾದಿಸುವುದಿಲ್ಲ. 2021ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ಬಾಲಕನೊಬ್ಬ ಇದೇ ರೋಗದಿಂದ ತೀರಿಕೊಂಡದ್ದನ್ನು ನೆನೆದರೆ ಹಾಗೆ ವಾದಿಸುವ ಧೈರ್ಯ ಬಾರದು. ಆದರೆ ಆ ವಾರ ಕೊಪ್ಪಲಿನ ಮನೆಗಳಲ್ಲಿ ನಡೆದುದನ್ನು ಪತ್ರಿಕೆಯ ಅಂಕಿಯಾಗಿ ಮಾತ್ರ ಓದಿದವರಿಗೆ ಅದರ ಭಾರ ಗೊತ್ತಾಗಲಾರದು. ಕೆಲವೇ ದಿನಗಳಲ್ಲಿ ಕೊರೋನಾ ಕಾರಣದಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಕೂಲಿ ನಿಂತ ಹೊತ್ತಿನಲ್ಲಿ ಹಿತ್ತಲ ಮೊಟ್ಟೆಯೂ ಇಲ್ಲವಾದುದು ಎಂಥದೆಂಬುದನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ಈ ರೋಗವನ್ನು ತಂದವರು ಹಿತ್ತಲಿನವರೇ? ಭಾರತದಲ್ಲಿ ಇದು ಮೊದಲು ಕಾಣಿಸಿದ್ದು 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, ಸಾವಿರಗಟ್ಟಲೆ ಕೋಳಿ ತುಂಬಿದ ದೊಡ್ಡ ದೊಡ್ಡ ಫಾರಂಗಳ ಊರಿನಲ್ಲಿ. 2017ರ ಜನವರಿಯಲ್ಲಿ ನಮ್ಮ ಚಾಮರಾಜೇಂದ್ರ ಮೃಗಾಲಯದ ನೀರುಹಕ್ಕಿಗಳಲ್ಲಿಯೇ ಹಕ್ಕಿಜ್ವರ ಕಂಡು ಒಂದು ತಿಂಗಳ ಕಾಲ ಮೃಗಾಲಯದ ಬಾಗಿಲು ಮುಚ್ಚಿದ್ದಿತು. ಅಲ್ಲಿ ಹಕ್ಕಿಗಳಿಗೆ ವೈದ್ಯರಿಲ್ಲವೆಂದು ಯಾರೂ ಹೇಳಲಾರರು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಹದಿನಾರು ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ನಾವೆಲ್ಲ ಹೋಗುತ್ತೇವೆ. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಇದೇ ಜಾತಿಯ ಹಕ್ಕಿಗಳು ಈ ರೋಗದಿಂದ ರಾಶಿರಾಶಿಯಾಗಿ ಸತ್ತಿದ್ದವು. ಆಕಾಶದ ದಾರಿಗೆ ಬೇಲಿ ಹಾಕಲಾಗದು. ಆದರೆ ಹಿತ್ತಲಿಗೆ ಹಾಕಬಹುದು, ಹಾಕಲೇಬೇಕು. ಇಲ್ಲಿ ಸಾಕುವವರ ಕರ್ತವ್ಯವಿದೆ. ಅದರಲ್ಲೂ ಬಾತು ಈ ರೋಗವನ್ನು ಮೈಯಲ್ಲಿಟ್ಟುಕೊಂಡೂ ಆರೋಗ್ಯವಂತನಂತೆ ಓಡಾಡಬಲ್ಲದು. ಅದೇ ನೀರನ್ನು ಕುಡಿದ ಕೋಳಿ ಸಾಯುತ್ತದೆ. ಆದುದರಿಂದ ಬಾತನ್ನು ಕೆರೆಗೆ ಬಿಟ್ಟು ಸಂಜೆ ಕೋಳಿಯ ಗೂಡಿಗೇ ಸೇರಿಸುವುದು ಎಷ್ಟು ಮಾತ್ರಕ್ಕೂ ಕೂಡದು. ಎರಡಕ್ಕೂ ಬೇರೆ ಬೇರೆ ಗೂಡು, ಬೇರೆ ಬೇರೆ ನೀರು. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳ ಸಮೀಪದ ಮನೆಯವರು ಇದನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು.

ಹಕ್ಕಿಜ್ವರ ಅಪರೂಪಕ್ಕೆ ಬರುವ ಅತಿಥಿ. ವರ್ಷ ವರ್ಷವೂ ಬಂದು ಹಿತ್ತಲನ್ನು ಗುಡಿಸಿಕೊಂಡು ಹೋಗುವುದು ಕೊಕ್ಕರೆ ರೋಗ. ಹಿಮಾಲಯದ ರಾಣಿಖೇತದಲ್ಲಿ 1927ರ ಸುಮಾರಿನಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಇದಕ್ಕೆ ಆ ಊರಿನ ಹೆಸರೇ ನಿಂತಿದೆ. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಎರಡು ಮೂರು ದಿನದಲ್ಲಿ ಇಡೀ ಹಿಂಡು ಹೋಗುತ್ತದೆ. ಬಂದ ಮೇಲೆ ಮದ್ದಿಲ್ಲ. ಬರುವ ಮುಂಚೆ ಲಸಿಕೆಯಿದೆ, ಬಹಳ ಅಗ್ಗವಾದ ಲಸಿಕೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಸೀರಂ ಸಂಸ್ಥೆಯ ಮುಂದುವರಿಕೆಯಾದ ಸರ್ಕಾರಿ ಸಂಸ್ಥೆ ಪಶುಪಕ್ಷಿಗಳ ಲಸಿಕೆಗಳನ್ನು ತಯಾರಿಸುತ್ತದೆ. ಹಾಗಿದ್ದೂ ನಗರದ ಹಿತ್ತಲ ಕೋಳಿಗಳಲ್ಲಿ ಬಹುಪಾಲಿಗೆ ಲಸಿಕೆ ಏಕಿಲ್ಲ? ಕಾರಣ ಕೇಳಿದರೆ ನಗು ಬರುತ್ತದೆ. ಲಸಿಕೆಯ ಸೀಸೆ ಬರುವುದು ನೂರು ಹಕ್ಕಿಗೆ ಸಾಲುವಷ್ಟು, ಇಲ್ಲವೆ ಅದಕ್ಕಿಂತ ದೊಡ್ಡದು. ಒಮ್ಮೆ ದ್ರಾವಣ ಬೆರೆಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಯ ಒಡತಿ ಉಳಿದ ತೊಂಬತ್ತನಾಲ್ಕು ಹನಿಯನ್ನು ಏನು ಮಾಡಬೇಕು? ಹತ್ತು ಸಾವಿರ ಕೋಳಿಯ ಒಡೆಯನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ನಗರದ ಕೋಳಿಗೆ ಯಾರೂ ದಿಕ್ಕಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಹೆಸರಿನದು. 2019ರ ಪಶುಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ ಹಿತ್ತಲಿನವು ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇಕಡ 45ಕ್ಕೂ ಹೆಚ್ಚು ಏರಿಕೆ. ಸರ್ಕಾರ ಇದನ್ನು ಗಮನಿಸಿಲ್ಲವೆಂದಲ್ಲ. ಹಿತ್ತಲಿಗೆಂದೇ ಹೆಬ್ಬಾಳದ ಪಶುವೈದ್ಯ ವಿಜ್ಞಾನಿಗಳು ಗಿರಿರಾಜ, ಸ್ವರ್ಣಧಾರ ತಳಿಗಳನ್ನು ರೂಪಿಸಿದರು. ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆಯಿಟ್ಟರೆ ಇವು ಅದರ ಎರಡರಷ್ಟಾದರೂ ಇಡುತ್ತವೆ. ಆದರೆ ಹಿತ್ತಲ ಕೋಳಿಯ ಯೋಜನೆಗಳ ಹೆಸರಿನಲ್ಲೇ 'ಗ್ರಾಮೀಣ' ಎಂಬ ಮಾತಿದೆ. ಕೊಪ್ಪಲು ಗ್ರಾಮವಲ್ಲ, ನಗರವೋ ಅದನ್ನು ನಗರವೆಂದು ಒಪ್ಪುವುದು ಕಂದಾಯ ಕೇಳುವಾಗ ಮಾತ್ರ. ಇತ್ತ ಮಾರುಕಟ್ಟೆಯ ಮೊಟ್ಟೆ ಎಲ್ಲಿಂದ ಬರುತ್ತದೆಂಬುದನ್ನೂ ಒಂದು ಕ್ಷಣ ನೆನೆಯಬೇಕು. 2023ರ ಕೇಂದ್ರ ನಿಯಮಾವಳಿ ಪಂಜರದ ಕೋಳಿಯೊಂದಕ್ಕೆ ಗೊತ್ತುಪಡಿಸಿದ ಕನಿಷ್ಠ ಜಾಗ 550 ಚದರ ಸೆಂಟಿಮೀಟರು. ಟಿಪ್ಪಣಿ ನೆರಳಚ್ಚು ಮಾಡಿಸಲು ನಾವು ಕೊಳ್ಳುವ ಎ-ನಾಲ್ಕರ ಕಾಗದದ ಹಾಳೆ ಇದಕ್ಕಿಂತ ದೊಡ್ಡದು. ರೆಕ್ಕೆ ಬಿಚ್ಚಲಾಗದ ಆ ಬಾಳಿಗಿಂತ ನಮ್ಮ ಹಿತ್ತಲ ಕೋಳಿಯದು, ಬೆಕ್ಕು ಹದ್ದುಗಳ ಭಯವಿದ್ದರೂ, ಕೋಳಿಯ ಬಾಳು.

ಆದುದರಿಂದ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ವರ್ಷಕ್ಕೊಮ್ಮೆ ಏಳು ದಿನ ಯಾವುದಾದರೊಂದು ಹಳ್ಳಿಯಲ್ಲಿ ನಡೆಯುತ್ತದೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಜಾಥಾ ಹೋಗುತ್ತೇವೆ. ಮುಂದಿನ ವರ್ಷ ಅದರಲ್ಲಿ ಎರಡು ಸಂಜೆಗಳನ್ನು ನಗರದ ಒಂದು ಕೊಪ್ಪಲಿಗೆ ಮೀಸಲಿಡಬಾರದೇಕೆ? ಮೊದಲ ದಿನ ಮನೆಮನೆಗೆ ಹೋಗಿ ಯಾರಲ್ಲಿ ಎಷ್ಟು ಹಕ್ಕಿ, ಎಷ್ಟು ವಾರದ್ದು, ಬಾತು ಇದೆಯೇ ಎಂದು ಬರೆದುಕೊಳ್ಳುವುದು. ನೂರು ಹಕ್ಕಿ ಒಂದು ಬೀದಿಯಲ್ಲೇ ಸಿಕ್ಕೀತು. ಎರಡನೆಯ ದಿನಕ್ಕೆ ಪಶುವೈದ್ಯರನ್ನು ಮುಂಚಿತವಾಗಿ ಕೇಳಿಕೊಂಡು ಕರೆತರುವುದು. ಎಳೆಯ ಮರಿಗಳಿಗೆ ಕಣ್ಣಿಗೊಂದು ಹನಿ ಸಾಕು. ಎಂಟು ವಾರ ದಾಟಿದವಕ್ಕೆ ಚುಚ್ಚುಮದ್ದು, ಅದನ್ನು ವೈದ್ಯರೇ ಹಾಕಬೇಕು. ಹಗಲು ಹೋದರೆ ಒಂದು ಕೋಳಿಯೂ ಕೈಗೆ ಸಿಗದು. ಕತ್ತಲಾಗುತ್ತ ಬಂದಂತೆ ಅವು ತಾವಾಗಿ ಗೂಡು ಸೇರುತ್ತವೆ, ಕಣ್ಣು ಮಂದವಾಗಿ ಹಿಡಿದರೂ ಸುಮ್ಮನಿರುತ್ತವೆ. ಆರೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು, ಸೀಸೆಯ ಎರಡು ಗಂಟೆಯ ಗಡುವಿಗೂ ಅದು ಸರಿಹೊಂದುತ್ತದೆ. ಬೇಕಾದ ಸಾಮಗ್ರಿ: ಮಂಜುಗಡ್ಡೆಯ ಪೆಟ್ಟಿಗೆ, ಎರಡು ಟಾರ್ಚು, ಒಂದು ನೋಟುಬುಕ್ಕು, ಕೈತೊಳೆಯಲು ಸಾಬೂನು, ಮತ್ತು ಕೋಳಿ ಹಿಡಿಯಬಲ್ಲ ನಾಲ್ಕು ಜನ. ಹಿಡಿಯುವವರನ್ನು ನಾನು ಕರೆತರುತ್ತೇನೆ.